ತೂಕದಕ್ಕನ ಇಂಟರ್‌ವ್ಯೂ

ನನ್ನ ಹೆಂಡತಿ ಹೊಸ ಪದವೀಧರೆ. ವಯಸ್ಸು ಐವತ್ತಾರು. ಎರಡೂ ಮಾತು ನಿಜ. ಎರಡನ್ನೂ ಒಟ್ಟಿಗೆ ಹೇಳಿದಾಗ ಎದುರಿಗಿದ್ದವರ ಮುಖ ಹೇಗಾಗುತ್ತದೆ ಎಂದು ನೋಡುವುದು ಹೋದ ವರ್ಷ ನನಗಿದ್ದ ದೊಡ್ಡ ಮನರಂಜನೆ. ಅವಳಿಗೆ ಇದು ಹಿಡಿಸುತ್ತಿರಲಿಲ್ಲ. "ಸಾಕು ಸುಮ್ನಿರಿ, ಊರಿಗೆಲ್ಲ ಡಂಗುರ ಸಾರಬೇಡಿ" ಎಂದು ಗದರುತ್ತಿದ್ದಳು. ನಾನು ದರ್ಜಿ. ಬೆಳಗಿನಿಂದ ಸಂಜೆಯವರೆಗೆ ಮನೆಯ ಮುಂದಿನ ಅಂಗಡಿಯಲ್ಲಿ ಮಿಷನ್ ತುಳಿಯುವವನು. ಬಂದವರ ಸೊಂಟದ ಸುತ್ತ ಟೇಪು ಹಿಡಿದುಕೊಂಡು ತುಟಿ ಪಿಟಕ್ಕೆನ್ನದೆ ಇರು ಎಂದರೆ ಆಗುವ ಮಾತೇ?

ಅವಳ ಕೆಲಸ ತಕ್ಕಡಿ ಮತ್ತು ತೂಕದ ಬಟ್ಟುಗಳನ್ನು ಪರೀಕ್ಷಿಸುವ ಒಂದು ಸಣ್ಣ ಕಂಪನಿಯಲ್ಲಿ. ಔಷಧಿ ಅಂಗಡಿಯವರು, ಚಿನ್ನದ ಅಂಗಡಿಯವರು, ಕಾಲೇಜಿನ ಪ್ರಯೋಗಾಲಯದವರು ತಮ್ಮ ಬಟ್ಟುಗಳನ್ನು ಅಲ್ಲಿಗೆ ಕಳುಹಿಸುತ್ತಾರೆ. ಕಟ್ಟಡದ ಹಿಂಭಾಗದಲ್ಲಿ ಗಾಜಿನ ಗೋಡೆಯ ಒಂದು ಕೋಣೆ. ಅದರೊಳಗೆ ಮಖಮಲ್ಲು ಹಾಕಿದ ಪೆಟ್ಟಿಗೆಯಲ್ಲಿ, ಒಂದು ಗ್ರಾಮಿನಿಂದ ಹಿಡಿದು ಎರಡು ಕಿಲೋವರೆಗೆ, ಸಾಲಾಗಿ ಕೂತ ಹಿತ್ತಾಳೆಯ ಬಟ್ಟುಗಳು. ಇವಕ್ಕೆ ಮೂಲ ಬಟ್ಟು ಎನ್ನುತ್ತಾರೆ. ಹೊರಗಿನಿಂದ ಬಂದ ಬಟ್ಟನ್ನು ಇವುಗಳ ಜೊತೆ ತೂಗಿ ನೋಡಿ, ಸರಿಯಿದ್ದರೆ ಸರಿ ಎಂದು ಪತ್ರ ಕೊಡುತ್ತಾರೆ. ಹೆಚ್ಚಿದ್ದರೆ ಅರದಲ್ಲಿ ಉಜ್ಜಿ ಇಳಿಸುತ್ತಾರೆ. ಮೂಲ ಬಟ್ಟುಗಳನ್ನು ಮಾತ್ರ ಯಾರೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಬೆವರು ಅಂಟಿದರೂ ತೂಕ ಬದಲಾಗುತ್ತದಂತೆ. ಮದುವೆಯಾದ ಹೊಸತರಲ್ಲಿ ಇದನ್ನು ಕೇಳಿ ನಾನು ಪುಸಕ್ಕನೆ ನಕ್ಕಿದ್ದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅವಳು ಆ ಕಂಪನಿಗೆ ಸೇರಿದ್ದು ಕಸ ಗುಡಿಸಲು. ಗಾಜಿನ ಕೋಣೆಯ ಧೂಳು ಒರೆಸುವಾಗ ಒಂದು ಚೀಟಿಯನ್ನೂ ಜಾಗ ತಪ್ಪಿಸದೆ ಒರೆಸುತ್ತಿದ್ದುದನ್ನು ಹಳೆಯ ಯಜಮಾನರು ಕಂಡರು. ಆರು ತಿಂಗಳಲ್ಲಿ ಕೈಗೆ ಚಿಮಟ ಕೊಟ್ಟು ತೂಗಲು ಕೂರಿಸಿದರು. ಅಲ್ಲಿಂದ ಮೂವತ್ತೊಂದು ವರ್ಷ. ಕಾವಲುಗಾರನಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ಅವಳನ್ನು ಕರೆಯುವುದು ತೂಕದಕ್ಕ ಎಂದೇ. ತರಕಾರಿ ಮಾರುವವನು ಇವಳು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ತಕ್ಕಡಿಯ ತಟ್ಟೆಯನ್ನು ಒರೆಸಲು ಶುರು ಮಾಡುತ್ತಾನೆ. ನನ್ನದೋ ಅಂದಾಜಿನ ಕಸುಬು. ಅರ್ಧ ಇಂಚು ಒಳಗೆ ಬಿಟ್ಟು ಹೊಲಿ, ನಾಳೆ ದಪ್ಪಗಾದರೆ ಬಿಚ್ಚಬಹುದು ಎನ್ನುವುದು ನನ್ನ ಧರ್ಮ. "ಹತ್ತು ನಿಮಿಷದಲ್ಲಿ ಬಂದೆ" ಎಂದು ನಾನು ಹೇಳಿ ಹೋದರೆ ಅವಳು ಗಡಿಯಾರ ನೋಡುತ್ತಾಳೆ. ಇಂಥ ಇಬ್ಬರು ಒಂದೇ ಮನೆಯಲ್ಲಿ ಇಷ್ಟು ವರ್ಷ ಹೇಗೆ ಏಗಿದೆವೋ, ನನಗೇ ಆಶ್ಚರ್ಯ.

ತೂಗುವವಳು ಅವಳಾದರೂ ಪತ್ರದ ಕೆಳಗಿನ ಸಹಿ ಅವಳದಾಗಿರಲಿಲ್ಲ. ಸಹಿ ಹಾಕುವವರಿಗೆ ವಿಜ್ಞಾನದ ಪದವಿ ಇರಬೇಕು ಎಂಬುದು ಪರವಾನಗಿ ಕಚೇರಿಯ ನಿಯಮ. ಹಾಗಾಗಿ ಆಗಷ್ಟೇ ಕಾಲೇಜು ಮುಗಿಸಿದ ಒಬ್ಬರನ್ನು ತಂದು ಕೂರಿಸುತ್ತಿದ್ದರು. ಅವರಿಗೆ ಇವಳು ಕೆಲಸ ಕಲಿಸುತ್ತಿದ್ದಳು. ಅವರು ಇವಳು ತೂಗಿದ್ದಕ್ಕೆ ಸಹಿ ಹಾಕುತ್ತಿದ್ದರು. ಎರಡು ವರ್ಷಕ್ಕೆ ಇನ್ನೂ ಒಳ್ಳೆಯ ಕೆಲಸ ಸಿಕ್ಕಿ ಹೊರಟುಬಿಡುತ್ತಿದ್ದರು. ಮನೆಯಲ್ಲಿ ಅವಳು ಅವರನ್ನು ಹೆಸರು ಹಿಡಿದು ಹೇಳಿದ್ದೇ ಇಲ್ಲ. ಐದನೇ ಸಹಿ, ಒಂಬತ್ತನೇ ಸಹಿ, ಹೀಗೆ ಲೆಕ್ಕ. "ಒಂಬತ್ತನೇ ಸಹಿ ಸೆಂಟು ಹಾಕ್ಕೊಂಡು ಬರುತ್ತೆ ರೀ, ಇಡೀ ಕೋಣೆ ಘಮ್ಮಂತ ತಲೆನೋವು." "ಆರನೇ ಸಹಿಗೆ ಮಗು ಆಯ್ತಂತೆ." ಹನ್ನೊಂದನೇ ಸಹಿ ಒಳ್ಳೆಯ ಹುಡುಗ, ಆದರೆ ಮಹಾ ಆತುರಗಾರ. ಅವನು ತನ್ನ ಮದುವೆಗೆ ರಜೆ ಹಾಕಿ ಹೋಗುವ ಮುನ್ನ ನಲವತ್ತು ಖಾಲಿ ಪತ್ರಗಳಿಗೆ ಸಹಿ ಗೀಚಿ, "ಅಕ್ಕಾ, ತೂಗಿ ತುಂಬಿಸ್ಕೊಳ್ಳಿ" ಎಂದು ಕೊಟ್ಟು ಹೋದ. ಇವಳು ಅಷ್ಟನ್ನೂ ಹರಿದು ಹಾಕಿದಳು. ಹದಿನೈದು ದಿನ ಕೆಲಸ ನಿಂತಿತು. ಬೈಗುಳ ತಿಂದದ್ದು ಇವಳು.

ಆ ದಿನ ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ನನ್ನ ಮಿಷನ್ ಎದುರು ನಿಂತಳು.

"ರೀ, ನಾನು ಓದ್ತೀನಿ."

"ಏನು ಪೇಪರಾ?" ಎಂದೆ.

"ಡಿಗ್ರಿ."

ನಾನು ನಗಲಿಲ್ಲ. ಎರಡು ದಿನದ ಮೌನದ ನೆನಪು ಇನ್ನೂ ಹಸಿಯಾಗಿತ್ತು.

ಅಂಚೆ ಮೂಲಕ ಓದುವ ಪದವಿ. ಮೂರು ವರ್ಷದ್ದಕ್ಕೆ ಆರು ವರ್ಷ ಹಿಡಿಯಿತು. ಬೆಳಗ್ಗೆ ಐದಕ್ಕೆ ಎದ್ದು ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತಿದ್ದಳು. ಭೌತಶಾಸ್ತ್ರ, ಗಣಿತ ಅವಳಿಗೆ ನೀರು ಕುಡಿದಷ್ಟು ಸಲೀಸು. ಪರಿಸರ ಅಧ್ಯಯನದಲ್ಲಿ ಎರಡು ಸಲ ಡುಮ್ಕಿ ಹೊಡೆದಳು. ಯಾಕೆಂದರೆ "ಸುಮಾರು ಎಷ್ಟು ಮರಗಳು" ಎಂಬಂಥ ಪ್ರಶ್ನೆಗಳಿಗೆ ಸುಮಾರು ಎಂದು ಉತ್ತರ ಬರೆಯಲು ಅವಳಿಗೆ ಕೈ ಬರುತ್ತಿರಲಿಲ್ಲ. ಕೊನೆಗೆ ಆ ವಿಷಯವನ್ನು ನಾನೇ ಹೇಳಿಕೊಟ್ಟೆ. ಸುಮಾರು ಎನ್ನುವುದರಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ?

ಅವಳು ಪಾಸಾದ ವರ್ಷವೇ ಹದಿನಾಲ್ಕನೇ ಸಹಿ ಕೆಲಸ ಬಿಟ್ಟಿತು. ಅಷ್ಟು ಹೊತ್ತಿಗೆ ಹಳೆಯ ಯಜಮಾನರು ಮೂಲೆ ಸೇರಿ, ಮಗ ಕುರ್ಚಿಯಲ್ಲಿ ಕೂತಿದ್ದ. ದೊಡ್ಡ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಓದಿ ಬಂದವನು. ಕೆಟ್ಟವನಲ್ಲ, ಹುಮ್ಮಸ್ಸು ಜಾಸ್ತಿ. ಅವನು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಈ ವರ್ಷ ತೇರ್ಗಡೆಯಾದ ವಿಜ್ಞಾನ ಪದವೀಧರರು ಬೇಕು, ಅವರಲ್ಲಿ ನಾಯಕತ್ವದ ಗುಣವಿರಬೇಕು, ಎಲ್ಲರ ಜೊತೆ ಬೆರೆಯಬೇಕು, ಹೇಳಿಸಿಕೊಳ್ಳದೆ ತಾವಾಗಿಯೇ ಮುನ್ನುಗ್ಗಿ ಕೆಲಸ ಮಾಡಬೇಕು, ಒತ್ತಡದಲ್ಲೂ ನಗುಮುಖ ಇರಬೇಕು, ಸಂಸ್ಥೆಯ ಗೌರವವನ್ನು ತಮ್ಮ ಗೌರವವೆಂದೇ ಕಾಣಬೇಕು. ಇದನ್ನು ಓದಿ ನಾನು, "ಇಷ್ಟೆಲ್ಲ ಗುಣ ಇರೋ ಹುಡುಗ ಸಿಕ್ಕಿದ್ರೆ ನಮ್ಮ ಮಗಳಿಗೇ ನೋಡ್ತಿದ್ವಲ್ಲೇ" ಎಂದೆ. ಅವಳು ಆಗಲೇ ಅರ್ಜಿ ಬರೆಯುತ್ತ ಕೂತಿದ್ದಳು.

ಅರ್ಜಿ ನೋಡಿ ಚಿಕ್ಕ ಯಜಮಾನ ತಲೆ ಕೆರೆದುಕೊಂಡನಂತೆ. "ತೂಕದಕ್ಕಾ, ಇದು ಫ್ರೆಶರ್‌ಗಳಿಗೆ ಅಲ್ವಾ?"

"ಈ ವರ್ಷ ಪಾಸಾದವರು ಅಂತ ನೀವೇ ಹಾಕಿದ್ದೀರಿ. ನಾನು ಪಾಸಾಗಿರೋದೂ ಈ ವರ್ಷನೇ. ಬೇಕಾದ್ರೆ ಮಾರ್ಕ್ಸ್ ಕಾರ್ಡ್ ನೋಡಿ."

"ಹಾಗಲ್ಲ ಅಕ್ಕಾ, ಹೊಸಬರು ಅಂದ್ರೆ ಸ್ವಲ್ಪ ಚುರುಕು..."

"ಹದಿನಾಲ್ಕು ಜನ ಚುರುಕಾದವರು ಬಂದು ಹೋದ್ರಲ್ಲ."

ಅವನು ಅರ್ಜಿಯನ್ನು ಇಟ್ಟುಕೊಂಡ. ಆದರೆ ಬಾಯಿಮಾತಿಗೆ ಕೊಡುವ ಕೆಲಸ ಇದಲ್ಲ, ಪರವಾನಗಿ ಅಧಿಕಾರಿಯೇ ಬಂದು ಸಂದರ್ಶನದಲ್ಲಿ ಕೂರುತ್ತಾರೆ, ಎಲ್ಲರ ಹಾಗೆ ನೀವೂ ಬನ್ನಿ ಎಂದ. ಅವಳ ನಿವೃತ್ತಿಗೆ ಉಳಿದದ್ದು ನಾಲ್ಕೇ ವರ್ಷ. ಈ ಸಲ ಹದಿನೈದನೇ ಸಹಿ ಬೇರೆ ಯಾರೋ ಆದರೆ, ತಾನು ತೂಗಿದ್ದರ ಕೆಳಗೆ ತನ್ನ ಹೆಸರು ಒಂದು ಸಲವೂ ಇಲ್ಲದೆ ಅವಳು ಮನೆಗೆ ಬರಬೇಕಿತ್ತು. ಅವಳು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ವಾರ ನನ್ನ ಮೇಲೆ ಒಂದು ಸಲವೂ ರೇಗಲಿಲ್ಲ, ಅದರಿಂದಲೇ ನನಗೆ ಗೊತ್ತಾಯಿತು.

ಮಗಳು ಬೇರೆ ಊರಿನಲ್ಲಿದ್ದಾಳೆ. ಫೋನಿನಲ್ಲೇ ತಾಯಿಗೆ ತರಬೇತಿ ಶುರು ಮಾಡಿದಳು.

"ಅಮ್ಮಾ, ನಿಮ್ಮ ದೌರ್ಬಲ್ಯ ಏನು ಅಂತ ಕೇಳ್ತಾರೆ. ಏನಂತೀಯ?"

"ಮೊಣಕಾಲು."

"ಅಯ್ಯೋ ಅಮ್ಮ! ಅದಲ್ಲ. ಅತಿಯಾಗಿ ಅಚ್ಚುಕಟ್ಟು ನೋಡ್ತೀನಿ, ಅದೇ ನನ್ನ ದೌರ್ಬಲ್ಯ ಅನ್ನು. ಅವ್ರಿಗೆ ಅದೇ ಬೇಕು. ಸರಿ, ಇನ್ನೈದು ವರ್ಷದಲ್ಲಿ ಎಲ್ಲಿರ್ತೀರಿ ಅಂತ ಕೇಳಿದ್ರೆ?"

"ಇಲ್ಲೇ. ಇದೇ ಮಂಚದ ಮೇಲೆ. ಮಧ್ಯಾಹ್ನ ಮಲಗಿರ್ತೀನಿ."

ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ನಗು ತಡೆದೆ. ಮಗಳು ಅತ್ತ ಕಡೆಯಿಂದ ನಿಟ್ಟುಸಿರು ಬಿಟ್ಟಳು. "ಕೊನೇದಾಗಿ, ನಿಮಗೇನಾದ್ರೂ ಕೇಳೋದಿದೆಯಾ ಅಂತಾರೆ. ಆಗ ಇಲ್ಲ ಅನ್ನಬಾರದಮ್ಮ. ಏನಾದ್ರೂ ಒಂದು ಪ್ರಶ್ನೆ ಕೇಳಲೇಬೇಕು. ಕೇಳದಿದ್ರೆ ಕಂಪನಿ ಬಗ್ಗೆ ಆಸಕ್ತಿ ಇಲ್ಲ ಅಂತ ಅಂದ್ಕೋತಾರೆ." ನಮ್ಮವಳು ಅದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡಳು.

ಸಂದರ್ಶನದ ದಿನ ಅವಳು ಹೊಸ ಬಿಳಿ ಕೋಟು ಹಾಕಿಕೊಂಡು ಹೋದಳು. ನಾನೇ ಹೊಲಿದದ್ದು, ನೂಲಿನ ಎಳೆ ಉದುರದ ಹಾಗೆ ಅಂಚುಗಳನ್ನೆಲ್ಲ ಎರಡೆರಡು ಸಲ ಮಡಿಚಿ. ಅವಳು ಹೋಗಿ ಕಾಲು ಗಂಟೆಯಾದ ಮೇಲೆ ನೋಡುತ್ತೇನೆ, ಒರಿಜಿನಲ್ ಮಾರ್ಕ್ಸ್ ಕಾರ್ಡು ಮೇಜಿನ ಮೇಲೆಯೇ ಇದೆ! ಮೂವತ್ತೊಂದು ವರ್ಷದಲ್ಲಿ ಒಂದು ಕರವಸ್ತ್ರವನ್ನೂ ಮರೆತು ಹೋದವಳಲ್ಲ. ಅಂಗಡಿಗೆ ಅರ್ಧ ಬಾಗಿಲು ಹಾಕಿ, ಸೈಕಲ್ ಹತ್ತಿ ಓಡಿದೆ. ಕಾರ್ಡು ಕೊಟ್ಟ ಮೇಲೆ ಹೊರಡಲು ಮನಸ್ಸಾಗಲಿಲ್ಲ. ಗಾಜಿನ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತುಬಿಟ್ಟೆ. ಒಳಗಿನದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಮಾತುಗಳನ್ನು ಅವಳು ಆಮೇಲೆ ಹೇಳಿದ್ದು. ಅವಳು ಒಂದು ಪದ ಸೇರಿಸುವವಳೂ ಅಲ್ಲ, ಬಿಡುವವಳೂ ಅಲ್ಲ.

ಮೂವರು ಅಭ್ಯರ್ಥಿಗಳು. ಟೈ ಕಟ್ಟಿದ ಒಬ್ಬ ಎತ್ತರದ ಹುಡುಗ, ಚಿನ್ನದ ಪದಕ ಪಡೆದ ಒಬ್ಬ ಹುಡುಗಿ, ಮತ್ತು ನಮ್ಮವಳು. ಒಬ್ಬೊಬ್ಬರೇ ಒಳಗೆ ಹೋಗಿ, ಔಷಧಿ ಅಂಗಡಿಯೊಂದರಿಂದ ಬಂದ ಅರ್ಧ ಕಿಲೋ ಬಟ್ಟನ್ನು ಮೂಲ ಬಟ್ಟಿನ ಜೊತೆ ತೂಗಿ, ಅದು ಸರಿಯಿದೆಯೋ ಇಲ್ಲವೋ ಬರೆಯಬೇಕು. ಅರ್ಧ ಗಂಟೆ ಸಮಯ. ಹುಡುಗ ಹೋಗಿ ಬಂದ, ಹುಡುಗಿ ಹೋಗಿ ಬಂದಳು. ಇಬ್ಬರೂ ಕೈಗವಸು ಹಾಕಿಕೊಂಡು ಚೆನ್ನಾಗಿಯೇ ಮಾಡಿದರು. ಅಂಗಡಿಯ ಬಟ್ಟು ಹನ್ನೊಂದು ಮಿಲಿಗ್ರಾಂ ಹೆಚ್ಚಿದೆ, ಇಳಿಸಬೇಕು ಎಂದು ಇಬ್ಬರೂ ಬರೆದಿದ್ದರಂತೆ.

ನಮ್ಮವಳು ಹೋಗಿ ಕೂತು ಪೆಟ್ಟಿಗೆಯ ಮುಚ್ಚಳ ತೆರೆದಳು. ತೆರೆದ ಕೈ ಹಾಗೆಯೇ ನಿಂತಿತು. ನನಗೂ ಹೊರಗಿನಿಂದ ಕಂಡಿತು. ಎಷ್ಟೋ ವರ್ಷದಿಂದ ಮಂಕಾಗಿ ಕೂತಿದ್ದ ಬಟ್ಟುಗಳು ಪಾತ್ರೆ ಅಂಗಡಿಯ ಹೊಸ ಚೊಂಬಿನ ಹಾಗೆ ಫಳಫಳ ಹೊಳೆಯುತ್ತಿದ್ದವು. ಅಧಿಕಾರಿಯನ್ನು ಬರಮಾಡಿಕೊಳ್ಳಲು ಚೆನ್ನಾಗಿ ಸಿಂಗಾರ ಮಾಡಿದ್ದಾರೆ ಎಂದುಕೊಂಡು ನಾನು ಖುಷಿಪಟ್ಟೆ, ಪೆದ್ದ.

ಅವಳು ಚಿಮಟ ಮುಟ್ಟಲಿಲ್ಲ. ಕೈ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಳು. ಎರಡು ನಿಮಿಷ. ಐದು ನಿಮಿಷ. ಚಿಕ್ಕ ಯಜಮಾನ ಗಡಿಯಾರ ನೋಡಿದ. ಮೂಲೆಯಲ್ಲಿ ಕೂತಿದ್ದ ಅಧಿಕಾರಿ, ದಪ್ಪ ಕನ್ನಡಕದ ಸಣಕಲು ಮನುಷ್ಯ, ಆಕಳಿಸಿದರು. ಭಯಕ್ಕೆ ಕೈಕಾಲು ಕಟ್ಟಿಹೋಗಿದೆ ಇವಳಿಗೆ, ಎಲ್ಲ ಮರೆತುಹೋಗಿದೆ, ಆರು ವರ್ಷ ನೀರಿನಲ್ಲಿ ಹೋಮವಾಯಿತು ಎಂದುಕೊಂಡೆ. ಗಾಜು ತಟ್ಟಲು ಎದ್ದೆ. ಕಾವಲುಗಾರ ನನ್ನ ಅಂಗಿ ಹಿಡಿದು ಮತ್ತೆ ಕೂರಿಸಿದ. ಹತ್ತು ನಿಮಿಷವಾದ ಮೇಲೆ ಅವಳು ಎದ್ದು, ಕಪಾಟಿನಿಂದ ಇನ್ನೊಂದು ಪೆಟ್ಟಿಗೆ ತಂದಳು. ಅದು ವರ್ಷಕ್ಕೊಮ್ಮೆ ಮೂಲ ಬಟ್ಟುಗಳನ್ನು ಹೋಲಿಸಿ ನೋಡಲು ಇಟ್ಟ ಎರಡನೇ ಸೆಟ್ಟು. ಆಮೇಲೆ ಐದು ಸಲ ತೂಗಿದಳು. ಒಂದೇ ಸಾಲು ಬರೆದು ಕಾಗದವನ್ನು ಮಗುಚಿಟ್ಟಳು.

ನಂತರ ಪ್ರಶ್ನೆಗಳು. ಚಿಕ್ಕ ಯಜಮಾನನ ಕೈಯಲ್ಲಿ ಅಚ್ಚು ಹಾಕಿಸಿದ ಹಾಳೆಯಿತ್ತು. ದೌರ್ಬಲ್ಯ ಏನು ಎಂದ. ಅವಳು ಪಾಠ ಒಪ್ಪಿಸುವ ಹಾಗೆ ಅಚ್ಚುಕಟ್ಟಿನ ಮಾತು ಹೇಳಿದಳು. ಇನ್ನೈದು ವರ್ಷದ ಪ್ರಶ್ನೆಯನ್ನು ಅವನೇ ಬಿಟ್ಟುಬಿಟ್ಟ. ಕೊನೆಗೆ, "ನಮ್ಮನ್ನ ಏನಾದ್ರೂ ಕೇಳೋದಿದೆಯಾ?" ಎಂದ.

"ಇದೆ" ಎಂದಳು. "ಈ ಬಟ್ಟುಗಳನ್ನ ಯಾರು ಉಜ್ಜಿದ್ದು?"

ಅವನ ಮುಖ ಅರಳಿತು. "ನಾನೇ ಅಕ್ಕಾ! ನಿನ್ನೆ ರಜೆ ಅಲ್ವಾ, ಒಬ್ಬನೇ ಕೂತು ಇಡೀ ದಿನ ಪಾಲಿಶ್ ಹಾಕಿದೆ. ಹೇಗಿದೆ?"

ಅಧಿಕಾರಿಯ ಆಕಳಿಕೆ ಅರ್ಧಕ್ಕೇ ನಿಂತಿತಂತೆ.

"ಪಾಲಿಶ್ ಹಾಕಿದ್ರೆ ಹಿತ್ತಾಳೆ ಸವೆಯುತ್ತೆ ಸಾರ್" ಎಂದಳು ಅವಳು. ಚಿಕ್ಕವನಿದ್ದಾಗಿನಿಂದ ನೋಡಿದ ಹುಡುಗನನ್ನು ಸಾರ್ ಎಂದದ್ದು ಅದೇ ಮೊದಲು. "ಅರ್ಧ ಕಿಲೋದ ಮೂಲ ಬಟ್ಟು ಈಗ ಹನ್ನೊಂದು ಮಿಲಿಗ್ರಾಂ ಕಡಿಮೆ ಇದೆ. ಔಷಧಿ ಅಂಗಡಿಯವರ ಬಟ್ಟು ಸರಿಯಾಗೇ ಇದೆ. ನಮ್ಮದೇ ತಪ್ಪು. ಆ ಮಕ್ಕಳದ್ದೂ ತಪ್ಪಿಲ್ಲ, ಅವರು ಕಂಡದ್ದನ್ನೇ ಬರೆದಿದ್ದಾರೆ. ಈ ಬಟ್ಟು ಇಟ್ಕೊಂಡು ಯಾರೂ ಪತ್ರ ಕೊಡೋ ಹಾಗಿಲ್ಲ."

ಮಗುಚಿಟ್ಟ ಕಾಗದದಲ್ಲಿ ಇದ್ದದ್ದೂ ಅಷ್ಟೇ. ಚಿಕ್ಕ ಯಜಮಾನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನನಗೆ ಹೊರಗಿನಿಂದ ಕಂಡದ್ದು ಇಷ್ಟೇ: ಅವನು ಬಿಳುಚಿಕೊಂಡ, ಅಧಿಕಾರಿ ನೆಟ್ಟಗೆ ಕೂತರು, ನಮ್ಮವಳು ಕಣ್ಣೊರೆಸಿಕೊಂಡಳು. ಸೋತಳು ಎಂದುಕೊಂಡು ನಾನೂ ಕಣ್ಣೊರೆಸಿಕೊಂಡೆ.

"ತೂಕದಕ್ಕಾ, ಇದನ್ನ ನನ್ನ ಹತ್ರ ಆಮೇಲೆ ಕೇಳಬಹುದಿತ್ತಲ್ಲ" ಎಂದು ಅವನು ಪಿಸುಗುಟ್ಟಿದನಂತೆ.

"ಕೇಳಿ ಅಂದವರು ನೀವೇ ಅಲ್ವಾ."

ಆಗ ಅಧಿಕಾರಿ ಬಾಯಿಬಿಟ್ಟರು. ಮೂಲ ಬಟ್ಟು ಕೆಟ್ಟಿರುವುದನ್ನು ಕಚೇರಿಯವರು ಬಂದು ಪತ್ತೆ ಹಚ್ಚಿದರೆ ಪರವಾನಗಿ ರದ್ದು. ಕಂಪನಿಯವರೇ ಕಂಡುಹಿಡಿದು ಬರೆದುಕೊಟ್ಟರೆ, ಬಟ್ಟುಗಳು ಮರುಪರೀಕ್ಷೆಗೆ ಹೋಗಿ ಬರುವವರೆಗೆ ಕೋಣೆ ಮುಚ್ಚಿರಬೇಕು, ಮೂರು ತಿಂಗಳು. ಆದರೆ ಹಾಗೆ ಬರೆದುಕೊಡುವ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಇರುವವರ ಸಹಿಯೇ ಬೇಕು.

"ನಿಮ್ಮಲ್ಲಿ ಸಹಿ ಹಾಕೋರು ಯಾರಿದ್ದಾರೆ?" ಎಂದು ಕೇಳಿದರು.

ಯಾರೂ ಇರಲಿಲ್ಲ. ಅದಕ್ಕೇ ತಾನೇ ಈ ಇಂಟರ್‌ವ್ಯೂ.

ಅಧಿಕಾರಿ ನಿಧಾನವಾಗಿ ಕನ್ನಡಕ ತೆಗೆದು, ಜೇಬಿನಿಂದ ಕರವಸ್ತ್ರ ಎಳೆದುಕೊಂಡರು. "ಕನ್ನಡಕ ಇಲ್ದಿದ್ರೆ ನನಗೆ ಏನೂ ಕಾಣಲ್ಲ. ಬಟ್ಟೂ ಕಾಣಲ್ಲ, ಹೊಳಪೂ ಕಾಣಲ್ಲ. ಒರೆಸೋಕೆ ಒಂದ್ಹತ್ತು ನಿಮಿಷ ಬೇಕಾಗುತ್ತೆ. ಅಷ್ಟರಲ್ಲಿ ಯಾರನ್ನ ತಗೊಳ್ತೀರೋ ತಗೊಳ್ಳಿ" ಎಂದು ಗೋಡೆಯ ಕಡೆ ತಿರುಗಿ ಕೂತರು.

ಚಿಕ್ಕ ಯಜಮಾನ ಬಾಗಿಲು ತೆರೆದುಕೊಂಡು ನನ್ನ ಮುಂದಿನಿಂದಲೇ ಟೈಪ್ ಮಾಡುವವರ ಮೇಜಿಗೆ ಓಡಿದ. ಅವನು ಆ ಹುಡುಗನನ್ನೋ ಹುಡುಗಿಯನ್ನೋ ಆರಿಸಬಹುದಿತ್ತು, ಅವರೂ ಪದವೀಧರರೇ. ಅಧಿಕಾರಿಯ ಎದುರು ತನ್ನ ಮಾನ ಕಳೆದವಳಿಗೆ ಕೆಲಸ ಕೊಡಬೇಕೆಂದೇನೂ ಇರಲಿಲ್ಲ. ಮೇಜಿನ ಹತ್ತಿರ ಹೋಗಿ ಒಂದು ಕ್ಷಣ ನಿಂತ. ನಮ್ಮವಳತ್ತ ತಿರುಗಿ ನೋಡಿದ. ಆಮೇಲೆ ಅವಳ ಪೂರ್ತಿ ಹೆಸರನ್ನು, ಇನಿಷಿಯಲ್ ಸಮೇತ, ಗಟ್ಟಿಯಾಗಿ ಹೇಳಿ ಬರೆಸಿದ. ಆ ಹೆಸರು ಅವನಿಗೆ ಗೊತ್ತಿದೆ ಎಂಬುದೇ ನನಗೆ ಹೊಸ ಸುದ್ದಿ. ಅವನ ಮೇಲಿದ್ದ ನನ್ನ ಅಸಮಾಧಾನವೆಲ್ಲ ಅಲ್ಲಿಗೆ ಇಳಿದುಹೋಯಿತು.

ನೇಮಕದ ಪತ್ರ ಬಂತು, ತಪ್ಪೊಪ್ಪಿಗೆಯ ಕಾಗದವೂ ಬಂತು. ಅವಳು ಎರಡನೆಯದನ್ನು ಎರಡು ಸಲ ಓದಿ, "ಸುಮಾರು ಹನ್ನೊಂದು ಮಿಲಿಗ್ರಾಂ ಅಂತ ಹಾಕಿದ್ದಾರೆ, ಸುಮಾರು ತೆಗೀರಿ" ಎಂದು ವಾಪಸು ಕಳುಹಿಸಿದಳು. ಅಧಿಕಾರಿ ಇನ್ನೂ ಕನ್ನಡಕ ಒರೆಸುತ್ತಲೇ ಇದ್ದರು, ಪಾಪ. ಹೊಸ ಕಾಗದ ಬಂದ ಮೇಲೆ ಸಹಿ ಹಾಕಿದಳು. ಅದಾದ ಮೇಲೆ ಬಟ್ಟುಗಳನ್ನು ಒಂದೊಂದಾಗಿ ಚಿಮಟದಲ್ಲಿ ಎತ್ತಿ ತಾನೇ ಪ್ಯಾಕ್ ಮಾಡಿ, ದೀಪ ಆರಿಸಿ, ಕೋಣೆಗೆ ಬೀಗ ಹಾಕಿಕೊಂಡು ಬಂದಳು.

ಮೂರು ತಿಂಗಳ ಮೇಲೆ ಬಟ್ಟುಗಳು ಬಂದವು, ಯಾವುದು ಎಷ್ಟು ಕಡಿಮೆ ಎಂಬ ಹೊಸ ಪಟ್ಟಿಯ ಸಮೇತ. ಆ ಪಟ್ಟಿ ನೋಡಿ ಕೂಡಿಸಿ ಕಳೆದು ತೂಗುತ್ತಾರೆ, ಕೋಣೆ ನಡೆಯುತ್ತಿದೆ. ಪದಕದ ಹುಡುಗಿಯೂ ಅಲ್ಲೇ ಕೆಲಸ ಕಲಿಯುತ್ತಿದ್ದಾಳೆ. ಆದರೆ ಅದು ಆಮೇಲಿನ ಮಾತು. ಆ ಸಂಜೆ ಬಟ್ಟುಗಳು ವಾಪಸು ಬರುತ್ತವೆಂದು ಯಾರಿಗೂ ಖಾತ್ರಿಯಿರಲಿಲ್ಲ.

ನಾನು ಸೈಕಲ್ ತಳ್ಳಿಕೊಂಡು, ಅವಳು ಪಕ್ಕದಲ್ಲಿ, ಮನೆ ಕಡೆ ನಡೆದೆವು. ತಡೆಯಲಾರದೆ ನಾನೇ ಕೇಳಿದೆ.

"ಮೊದಲು ಹತ್ತು ನಿಮಿಷ ಸುಮ್ನೆ ಕೂತಿದ್ದೆಯಲ್ಲ, ಏನು ಯೋಚನೆ ಮಾಡ್ತಿದ್ದೆ?"

"ಅವರಿಬ್ಬರ ಹಾಗೇ ತೂಗಿ ಬರೆದುಬಿಡ್ಲಾ ಅಂತ ಯೋಚನೆ ಮಾಡ್ತಿದ್ದೆ" ಎಂದಳು. "ಕೆಲಸ ಸಿಗ್ತಿತ್ತು. ಪಾಲಿಶ್ ವಿಷಯ ನಾಳೆ ನಿಧಾನಕ್ಕೆ ಹೇಳಬಹುದಿತ್ತು."

"ಮತ್ತೆ?"

"ಅಷ್ಟರಲ್ಲಿ ಆ ಅಂಗಡಿಯವರ ಬಟ್ಟು ಉಜ್ಜಿ ಕಳಿಸಿಬಿಡ್ತಿದ್ರು. ಅದರಲ್ಲಿ ತೂಗಿದ ಔಷಧಿ ಯಾರಿಗೋ ಕೊಡೋರು. ಯಾರಿಗೆ ಅಂತ ನಮಗೆ ಗೊತ್ತೂ ಆಗ್ತಿರಲಿಲ್ಲ ರೀ."

"ಒಳ್ಳೇದೇ ಮಾಡಿದೆ ಬಿಡು. ಸಹಿ ಹಾಕುವಾಗ ಹೇಗನ್ನಿಸಿತು?"

ಅವಳು ನಿಂತಳು. "ಖುಷಿ ಆಯ್ತು ರೀ" ಎಂದಳು. "ನಾಚಿಕೆ ಆಗೋಷ್ಟು ಖುಷಿ ಆಯ್ತು. ನನ್ನ ಕೋಣೇನ ನಾನೇ ಮುಚ್ಚೋ ಕಾಗದ ಅದು. ಆ ಬಟ್ಟುಗಳು ಕೆಟ್ಟವು ಅಂತ ಹೊಟ್ಟೆ ಉರೀತಿತ್ತು. ಆದ್ರೂ ಕೆಳಗೆ ನನ್ನ ಹೆಸರು ನೋಡಿ ಖುಷಿ ಆಯ್ತು." ಇಷ್ಟು ಹೇಳಿ, ಜನ ಓಡಾಡುವ ರಸ್ತೆಯ ಬದಿಯಲ್ಲಿ, ಬಿಕ್ಕಿ ಬಿಕ್ಕಿ ಅತ್ತಳು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವಳ ಪಕ್ಕ ನಿಂತೆ. ಅವಳು ಅಳುತ್ತಳುತ್ತಲೇ ಚೀಲದಿಂದ ಆ ಕಾಗದದ ನಕಲು ತೆಗೆದು ಇನ್ನೊಂದು ಸಲ ನೋಡಿದಳು.